ಶಿಕಾಗೊ ಹಾರ್ಡಿ ಅಂಜೂರ: ಚಳಿನಾಡಿನ ಹಿತ್ತಿಲಿನಲ್ಲಿ ಹಣ್ಣು ಪಡೆಯುವ ಬಗೆ

ಬಳ್ಳಾರಿ ಸೀಮೆಯ ಅಂಜೂರ ತಿಂದು ಬೆಳೆದವರಿಗೆ ಆ ಗಿಡ ಬಿಸಿಲಿಗೂ ಒಣಹವೆಗೂ ಮೀಸಲು ಎನಿಸುವುದು ಸಹಜ. ಆದರೆ ಚಳಿಗಾಲದ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಹದಿನೈದು–ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ಶಿಕಾಗೊದಂಥ ಊರುಗಳಲ್ಲಿಯೂ ಮನೆಯ ಹಿತ್ತಿಲಿನಲ್ಲಿ ಅಂಜೂರ ಹಣ್ಣಾಗುತ್ತದೆ. ಅಲ್ಲಿ ಹೆಚ್ಚಾಗಿ ಬೆಳೆಯುವ ತಳಿ ‘ಶಿಕಾಗೊ ಹಾರ್ಡಿ’. ಇದರ ಮೂಲ ಸಿಸಿಲಿ ದ್ವೀಪವೆಂದೂ ಇಟಲಿಯಿಂದ ವಲಸೆ ಬಂದವರು ಇದನ್ನು ಅಮೆರಿಕಕ್ಕೆ ತಂದರೆಂದೂ ಹೇಳುತ್ತಾರೆ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಇಟಾಲಿಯನ್ನರು ನೆಲೆಸಿದ್ದ ಬಡಾವಣೆಯ ಹೆಸರಿನಿಂದ ‘ಬೆನ್ಸನ್‌ಹರ್ಸ್ಟ್ ಪರ್ಪಲ್’ ಎಂದೂ ಇದನ್ನು ಮಾರುತ್ತಾರೆ.

ನರ್ಸರಿಗಳಲ್ಲಿ ಈ ಗಿಡಕ್ಕೆ ಕಟ್ಟಿದ ಚೀಟಿಯಲ್ಲಿ ಸಾಮಾನ್ಯವಾಗಿ ಸೊನ್ನೆಗಿಂತ 29 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆಂದು ಬರೆದಿರುತ್ತದೆ. ಆ ಅಂಕಿ ಅನ್ವಯಿಸುವುದು ಹೊದಿಕೆಯಡಿಯಲ್ಲಿ ಬೆಚ್ಚಗಿರುವ ಬೇರಿಗೆ ಮಾತ್ರ. ನೆಲದ ಮೇಲಿರುವ ಕಾಂಡ ಸುಮಾರು 12 ಡಿಗ್ರಿ ಮೈನಸ್ ದಾಟಿದರೆ ಸಾಯಲಾರಂಭಿಸುತ್ತದೆ. ಎಳೆಯ ಗಿಡವಾದರೆ ಅದಕ್ಕೂ ಮೊದಲೇ. ಈ ತಳಿಯ ನಿಜವಾದ ಗುಣವಿರುವುದು ಬೇರೊಂದು ಕಡೆ: ಕಾಂಡ ಬುಡದವರೆಗೆ ಸತ್ತರೂ ವಸಂತದಲ್ಲಿ ಬೇರಿನಿಂದ ಹೊಸ ಚಿಗುರು ಹೊರಟು, ಅದೇ ವರ್ಷ ಆ ಚಿಗುರಿನಲ್ಲಿಯೇ ಕಾಯಿ ಕಟ್ಟುತ್ತದೆ. ಆದ್ದರಿಂದ ಗಿಡ ಚಳಿಗಾಲವನ್ನು ಕಳೆದೀತೇ ಎಂದು ಕೇಳುವುದಕ್ಕಿಂತ, ಕಟ್ಟಿದ ಕಾಯಿ ಮಾಗುವಷ್ಟು ಬೇಸಿಗೆ ತಮ್ಮೂರಿನಲ್ಲಿದೆಯೇ ಎಂದು ಕೇಳಿಕೊಳ್ಳುವುದು ಲೇಸು.

ಮೊದಲು ಊರಿನ ಲೆಕ್ಕ

ಅಮೆರಿಕದ ಕೃಷಿ ಇಲಾಖೆ ವರ್ಷದ ಅತಿ ಕಡಿಮೆ ಉಷ್ಣಾಂಶದ ಸರಾಸರಿಯನ್ನು ಆಧರಿಸಿ ದೇಶವನ್ನು ವಲಯಗಳಾಗಿ ವಿಂಗಡಿಸಿದೆ. ಈ ನಕ್ಷೆಯನ್ನು 2023ರಲ್ಲಿ ಪರಿಷ್ಕರಿಸಲಾಯಿತು. 5 ಮತ್ತು 6ನೇ ವಲಯದಲ್ಲಿ ಹೊದಿಕೆಯಿಲ್ಲದ ಕಾಂಡ ಬಹುತೇಕ ಪ್ರತಿವರ್ಷ ಸಾಯುತ್ತದೆ ಎಂದುಕೊಂಡೇ ಹೊರಡಬೇಕು. 7ನೇ ವಲಯದಲ್ಲಿ ಅದು ಆ ವರ್ಷದ ಚಳಿಯನ್ನು ಅವಲಂಬಿಸಿದೆ. 8ರಲ್ಲಿ ಕಾಂಡ ಸಾಮಾನ್ಯವಾಗಿ ಉಳಿದು ಗಿಡ ಮರವಾಗುತ್ತದೆ. ಆದರೆ ಸರಾಸರಿಯನ್ನು ನಂಬಿ ನಿಶ್ಚಿಂತರಾಗುವಂತಿಲ್ಲ. 8ನೇ ವಲಯದ ಡಲ್ಲಾಸ್‌ನಲ್ಲಿ 2021ರ ಫೆಬ್ರುವರಿ 16ರಂದು ಉಷ್ಣಾಂಶ ಮೈನಸ್ 19 ಡಿಗ್ರಿಗೆ ಇಳಿದಿತ್ತು.

ನೆಡುವಾಗ

ಚಳಿನಾಡಿನಲ್ಲಿ ಗಿಡವನ್ನು ನೆಲಕ್ಕೆ ಇಳಿಸಬೇಕಾದದ್ದು ವಸಂತದ ಕೊನೆಯ ಹಿಮ ಕಳೆದ ಮೇಲೆಯೇ. ಆಗ ಬೇರಿಗೆ ಮಣ್ಣು ಹಿಡಿಯಲು ಇಡೀ ಬೇಸಿಗೆ ಸಿಗುತ್ತದೆ. ಶರತ್ಕಾಲದಲ್ಲಿ ರಿಯಾಯಿತಿಗೆ ಸಿಕ್ಕಿತೆಂದು ತಂದ ಗಿಡವನ್ನು ಆ ಚಳಿಗಾಲದ ಮಟ್ಟಿಗೆ ಕುಂಡದಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಉತ್ತರ ಗೋಳಾರ್ಧದಲ್ಲಿ ಮನೆಯ ದಕ್ಷಿಣದ ಗೋಡೆಯ ಪಕ್ಕ ಅತ್ಯುತ್ತಮ ಜಾಗ: ಅಲ್ಲಿ ದಿನವಿಡೀ ಬಿಸಿಲು ಬೀಳುತ್ತದೆ, ಕಾದ ಗೋಡೆ ರಾತ್ರಿಯೂ ಸ್ವಲ್ಪ ಶಾಖ ಬಿಡುತ್ತದೆ, ಗಾಳಿಯ ಹೊಡೆತವೂ ಕಡಿಮೆ. ನೀರು ನಿಲ್ಲುವ ಜಾಗ ಮಾತ್ರ ಬೇಡ. ಚಳಿಯಲ್ಲಿ ಒದ್ದೆ ಮಣ್ಣು ಬೇರನ್ನು ಕೊಳೆಸುತ್ತದೆ.

ಗಿಡ ಕುಂಡದಲ್ಲಿದ್ದ ಮಟ್ಟಕ್ಕಿಂತ ಐದರಿಂದ ಹತ್ತು ಸೆಂಟಿಮೀಟರ್ ಆಳವಾಗಿ ನೆಡಬೇಕು. ಉಳಿದ ಹಣ್ಣಿನ ಗಿಡಗಳಿಗೆ ಹೀಗೆ ಮಾಡಬಾರದೆನ್ನುತ್ತಾರೆ. ಅಂಜೂರದ ಕಾಂಡ ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುವುದರಿಂದ ಇಲ್ಲಿ ಅಡ್ಡಿಯಿಲ್ಲ. ಮೇಲಾಗಿ ಮಣ್ಣಿನೊಳಗೆ ಹುದುಗಿದ ಕಣ್ಣುಗಳೇ ಮುಂದಿನ ವಸಂತದ ಚಿಗುರಿಗೆ ಆಧಾರ. ಜೋಡಿ ಗಿಡವಾಗಲಿ ಪರಾಗಸ್ಪರ್ಶಕ್ಕೆ ಕಣಜವಾಗಲಿ ಈ ತಳಿಗೆ ಬೇಕಿಲ್ಲ.

ಜೂನ್‌ನಿಂದ ಅಕ್ಟೋಬರ್‌ವರೆಗೆ

ಹೆಚ್ಚಿನವರು ಸೋಲುವುದು ಈ ಘಟ್ಟದಲ್ಲಿ. ಬೇರಿನಿಂದೆದ್ದ ಚಿಗುರುಗಳು ಆಳೆತ್ತರ ಬೆಳೆಯುತ್ತವೆ, ನೋಡುವವರು ಹಿಗ್ಗುತ್ತಾರೆ, ಅಕ್ಟೋಬರ್‌ನ ಹಿಮ ಬೀಳುವಾಗ ಗಿಡದ ತುಂಬ ಕಲ್ಲಿನಂತೆ ಗಟ್ಟಿಯಾದ ಹಸಿರು ಕಾಯಿ. ಎಲೆಯ ಕಂಕುಳಲ್ಲಿ ಕಾಯಿ ಬಟಾಣಿಯ ಗಾತ್ರಕ್ಕೆ ಕಾಣಿಸಿಕೊಂಡ ಮೇಲೆ ಮಾಗಲು ಸುಮಾರು ಎರಡೂವರೆಯಿಂದ ಮೂರು ತಿಂಗಳು ಬೇಕು. ಅಕ್ಟೋಬರ್ ನಡುವಿನಲ್ಲಿ ಹಿಮ ಬೀಳುವ ಊರಿನಲ್ಲಿ ಜುಲೈ ಮಧ್ಯದೊಳಗೆ ಕಾಯಿ ಕಾಣಿಸಿರಬೇಕೆಂದಾಯಿತು.

ಇದಕ್ಕೆ ಮೂರು ಕೆಲಸಗಳಿವೆ. ಬುಡದಿಂದ ಹತ್ತಾರು ಚಿಗುರು ಎದ್ದರೆ ದಪ್ಪನಾದ ನಾಲ್ಕೈದನ್ನು ಉಳಿಸಿಕೊಂಡು ಮಿಕ್ಕವನ್ನು ತೆಗೆದುಹಾಕಬೇಕು. ಒತ್ತಾದ ಎಲೆಗಳ ನೆರಳಿನಲ್ಲಿ ಕಾಯಿ ಕಟ್ಟುವುದು ತಡವಾಗುತ್ತದೆ. ಉಳಿಸಿದ ಪ್ರತಿ ಚಿಗುರಿನಲ್ಲಿ ಐದಾರು ಎಲೆ ಬಂದ ಕೂಡಲೇ ತುದಿಯ ಮೊಗ್ಗನ್ನು ಉಗುರಿನಿಂದ ಚಿವುಟಿದರೆ ಗಿಡ ಎತ್ತರ ಬೆಳೆಯುವುದನ್ನು ಬಿಟ್ಟು ಕಾಯಿಯ ಕಡೆ ತಿರುಗುತ್ತದೆ. ಜೂನ್ ತಿಂಗಳೊಳಗೆ ಇದು ಮುಗಿಯಲಿ. ಆಗಸ್ಟ್‌ನಲ್ಲಿ ಚಿವುಟಿದರೆ ಬರುವ ಹೊಸ ಚಿಗುರು ಚಳಿಗೆ ಬಲಿಯಾಗುತ್ತದೆ, ಅಷ್ಟೇ. ಮೂರನೆಯದು ಗೊಬ್ಬರದ ಹಿಡಿತ: ಸಾರಜನಕ ಹೆಚ್ಚಾದರೆ ಸೊಪ್ಪು ಸಮೃದ್ಧ, ಹಣ್ಣು ಇಲ್ಲ. ವಸಂತದಲ್ಲಿ ಒಂದಿಷ್ಟು ಕಾಂಪೋಸ್ಟ್ ಕೊಟ್ಟು, ಜುಲೈ ನಂತರ ಗೊಬ್ಬರ ನಿಲ್ಲಿಸಬೇಕು.

ಅಂಜೂರವನ್ನು ಕಿತ್ತಿಟ್ಟು ಹಣ್ಣು ಮಾಡಲಾಗುವುದಿಲ್ಲ, ಗಿಡದಲ್ಲಿಯೇ ಮಾಗಬೇಕು. ಕಂದು ನೇರಳೆ ಬಣ್ಣ ಬಂದಿತೆಂದು ಅವಸರಪಡದೆ ತೊಟ್ಟಿನ ಕಡೆ ನೋಡಿ. ಅಲ್ಲಿ ಕತ್ತು ಬಾಗಿ ಹಣ್ಣು ಜೋತುಬಿದ್ದು, ಸಿಪ್ಪೆಯಲ್ಲಿ ಸಣ್ಣ ಬಿಳಿ ಗೀರುಗಳೆದ್ದು, ಕೆಳಗಿನ ಕಣ್ಣಿನಲ್ಲಿ ಜೇನಿನಂತಹ ಹನಿ ಕಾಣಿಸಿದರೆ ಅದು ಕೀಳುವ ದಿನ. ತೊಟ್ಟಿನಿಂದ ಬಿಳಿ ಹಾಲು ಒಸರಿದರೆ ಇನ್ನೂ ಕಾಯಿ ಎಂದೇ ಅರ್ಥ. ಆ ಹಾಲು ಮೈಗೆ ತಾಗಿ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗುತ್ತದೆ. ಕೊಂಬೆ ಸವರುವಾಗ ಕೈಗವಸು, ಉದ್ದತೋಳಿನ ಅಂಗಿ ಇರಲಿ.

ಚಳಿಗೆ ಹೊದಿಕೆ

ಹಿಮಕ್ಕೆ ಎಲೆಗಳೆಲ್ಲ ಉದುರಿದ ಮೇಲೆ, ಮಣ್ಣು ಹೆಪ್ಪುಗಟ್ಟುವ ಮೊದಲು ಗಿಡವನ್ನು ಮುಚ್ಚಬೇಕು. ಬೇರನ್ನು ಉಳಿಸಿಕೊಂಡರೆ ಸಾಕೆನ್ನುವವರು ಕಾಂಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಬುಡಕ್ಕೆ ಒಂದಡಿ ದಪ್ಪಕ್ಕೆ ಮಣ್ಣನ್ನೋ ಮರದ ಚಕ್ಕೆಯನ್ನೋ ಏರಿಸಬಹುದು. ಕಾಂಡವನ್ನೂ ಉಳಿಸಿಕೊಂಡರೆ ಮುಂದಿನ ವರ್ಷ ಚಿಗುರು ಬೇಗ ಹೊರಟು, ಬೇಸಿಗೆಯ ಲೆಕ್ಕದಲ್ಲಿ ಕೆಲವು ವಾರಗಳ ಲಾಭವಿದೆ. ಅದಕ್ಕಾಗಿ ಕೊಂಬೆಗಳನ್ನು ಹಗ್ಗದಿಂದ ಒಟ್ಟಿಗೆ ಬಿಗಿದು, ಸುತ್ತ ತಂತಿ ಬಲೆಯ ಪಂಜರ ನಿಲ್ಲಿಸಿ, ಒಳಗೆ ಒಣ ಎಲೆ ತುಂಬಿ, ಹೊರಗೆ ಗೋಣಿತಾಟು ಸುತ್ತಿ, ಮಳೆ ನೀರು ಇಳಿಯದಂತೆ ಮೇಲೆ ಮುಚ್ಚಳ ಹಾಕುತ್ತಾರೆ. ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಕಾಂಡಕ್ಕೆ ಸುತ್ತಬಾರದು, ಒಳಗೆ ನೀರಾಡಿ ಬೂಷ್ಟು ಹಿಡಿಯುತ್ತದೆ. ಬುಡದ ಸುತ್ತ ಸಣ್ಣ ಕಣ್ಣಿನ ಬಲೆಯಿಲ್ಲದಿದ್ದರೆ, ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗಳು ಚಳಿಗಾಲವಿಡೀ ತೊಗಟೆ ಮೇಯುತ್ತವೆ. ಬ್ರೂಕ್ಲಿನ್‌ನ ಹಳೆಯ ಇಟಾಲಿಯನ್ ಕುಟುಂಬಗಳು ಬೇರನ್ನು ಒಂದು ಬದಿಯಲ್ಲಿ ಕಡಿದು, ಇಡೀ ಗಿಡವನ್ನು ಕಾಲುವೆಯೊಳಕ್ಕೆ ಮಲಗಿಸಿ ಮಣ್ಣು ಮುಚ್ಚುತ್ತಿದ್ದವು.

ಏಪ್ರಿಲ್‌ನಲ್ಲಿ ಹೊದಿಕೆಯನ್ನು ಒಮ್ಮೆಗೇ ತೆಗೆಯದೆ, ಹಿಮದ ಮುನ್ಸೂಚನೆ ನೋಡಿಕೊಂಡು ಹಂತಹಂತವಾಗಿ ತೆಗೆಯಬೇಕು. ಕೊಂಬೆ ಸತ್ತಿದೆಯೇ ಎಂದು ತಿಳಿಯಲು ತೊಗಟೆಯನ್ನು ಉಗುರಿನಿಂದ ಕೆರೆದರೆ ಸಾಕು: ಹಸಿರು ಕಂಡರೆ ಜೀವವಿದೆ, ಕಂದು ಕಂಡರೆ ಇಲ್ಲ. ಆದರೂ ಕೊಡಲಿಗೆ ಕೈಹಾಕಬಾರದು, ಬೇರಿನ ಚಿಗುರು ಕೆಲವೊಮ್ಮೆ ಜೂನ್‌ವರೆಗೂ ಹೊರಡುವುದಿಲ್ಲ.

ಹಿತ್ತಿಲಿಲ್ಲದವರು 40–60 ಲೀಟರಿನ ಕುಂಡದಲ್ಲಿ ಬೆಳೆಸಬಹುದು. ಎಲೆ ಉದುರಿದ ಮೇಲೆ ಕುಂಡವನ್ನು ಸೊನ್ನೆಯಿಂದ ಐದು ಡಿಗ್ರಿಯ ಗ್ಯಾರೇಜಿಗೆ ಸರಿಸಿ, ತಿಂಗಳಿಗೊಮ್ಮೆ ಬೇರು ಒಣಗದಷ್ಟು ನೀರು ಕೊಟ್ಟರೆ ಸಾಕು. ಆಗ ಬೆಳಕು ಬೇಕಿಲ್ಲ. ಹೀಟರ್ ಇರುವ ಕೋಣೆ ಬೇಡ. ಗಿಡ ಜನವರಿಯಲ್ಲೇ ಎಚ್ಚೆತ್ತು ಬಿಳಿಚಿದ ಚಿಗುರು ಬಿಡುತ್ತದೆ.

ಎಲ್ಲ ಊರಿಗೂ ಇದೇ ತಳಿಯೇ?

ಅಲ್ಲ. ಸಿಯಾಟಲ್‌ನ ಚಳಿಗಾಲ ಶಿಕಾಗೊದ ಮುಂದೆ ಏನೂ ಅಲ್ಲ, ಆದರೂ ಶಿಕಾಗೊ ಹಾರ್ಡಿಯ ಮುಖ್ಯ ಫಸಲು ಅಲ್ಲಿ ಸರಿಯಾಗಿ ಮಾಗುವುದು ಕಷ್ಟ. ಅಲ್ಲಿನ ಬೇಸಿಗೆ ತಂಪು. ಹಿಂದಿನ ವರ್ಷದ ಕೊಂಬೆಯಲ್ಲಿ ಮೊದಲ ಫಸಲು ಕೊಡುವ ‘ಡೆಸರ್ಟ್ ಕಿಂಗ್’ ಅಲ್ಲಿ ಒಗ್ಗುತ್ತದೆ. ಅದೇ ಡೆಸರ್ಟ್ ಕಿಂಗನ್ನು ಶಿಕಾಗೊದಲ್ಲಿ ನೆಟ್ಟರೆ ಹಣ್ಣು ಹೊರಬೇಕಾದ ಹಳೆಯ ಕೊಂಬೆಯೇ ಚಳಿಗೆ ಸತ್ತಿರುತ್ತದೆ.

ಇನ್ನು ಕರ್ನಾಟಕದ ಬಯಲುಸೀಮೆಯಲ್ಲಿ ಚಳಿ ತಡೆಯುವ ಗುಣಕ್ಕೆ ಕೆಲಸವೇ ಇಲ್ಲ. ಇಲ್ಲಿ ಅಂಜೂರವನ್ನು ಕಾಡುವುದು ತುಕ್ಕು ರೋಗ, ಬೇರುಗಂಟು ಉಂಟುಮಾಡುವ ಜಂತುಹುಳು, ಹಣ್ಣು ಮಾಗುವಾಗ ಬಿದ್ದು ಸಿಪ್ಪೆ ಸೀಳಿಸುವ ಮಳೆ. ಇಲ್ಲಿನ ಹವೆಗೆ ಹೊಂದಿಕೊಂಡ ಬಳ್ಳಾರಿ, ಪುಣೆ ತಳಿಗಳೇ ಸಾಕು. ಹಾಗಿದ್ದರೂ ಅಮೆರಿಕದಿಂದ ಊರಿಗೆ ಬರುವಾಗ ನಾಲ್ಕು ಕಡ್ಡಿ ತರುವ ಆಸೆಯುಳ್ಳವರು, 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ನೆಡುವ ಕಡ್ಡಿಗೆ ಆಮದು ಪರವಾನಗಿಯೂ ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕೆಂಬುದನ್ನು ಗಮನಿಸಬೇಕು. ಎಲೆಯಲ್ಲಿ ಹಳದಿ ಮಚ್ಚೆ ಮೂಡಿಸುವ ಮೊಸಾಯಿಕ್ ನಂಜುರೋಗ ಕಡ್ಡಿಯೊಂದಿಗೇ ಪ್ರಯಾಣ ಮಾಡುತ್ತದೆ, ಒಮ್ಮೆ ಬಂದ ಗಿಡದಲ್ಲಿ ಅದಕ್ಕೆ ಮದ್ದಿಲ್ಲ.