ಹಿಮದಲ್ಲಿ ಆರ್‌ಸಿ (ರಿಮೋಟಲ್ಲಿ ಹಾರಿಸೋ ಆಟಿಕೆ) ವಿಮಾನದ ಮೋಟಾರ್ ನಿಲ್ತಿತ್ತು, ಸರಿಯಾಗಿದ್ದು ಹೀಗೆ

ನಾನಿರೋದು ಅಮೆರಿಕದ ಮಿನ್ನೆಸೋಟಾದಲ್ಲಿ, ಜನವರಿ ಬಂತಂದ್ರೆ ಕೆರೆಗಳೆಲ್ಲ ಕಲ್ಲಾಗಿರುತ್ತೆ, ಮೇಲೆ ಹಿಮ ಕೂತ್ರೆ ಅದಕ್ಕಿಂತ ಒಳ್ಳೇ ರನ್‌ವೇ ಬೇರೆ ಇಲ್ಲ. ಫೋಮ್ ವಿಮಾನದ ಚಕ್ರ ತೆಗೆದು ಸ್ಕೀ ಹಾಕಿದೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮೇಲೇಳ್ತು, ಆದ್ರೆ ಒಂದೇ ನಿಮಿಷಕ್ಕೆ ಥ್ರಾಟಲ್ ಕೊಟ್ರೆ ಮೋಟಾರ್ ತಡವರಿಸಿ ನಿಂತೇಬಿಡೋದು.

ಮನೆಗೆ ತಂದು ನೋಡಿದ್ರೆ ಎಲ್ಲ ಸರಿ ಇರೋದು! ಮೋಟಾರ್‌ಗೆ ಎಷ್ಟು ಕರೆಂಟ್ ಹೋಗ್ಬೇಕು ಅಂತ ನೋಡ್ಕೊಳ್ಳೋ ಸ್ಪೀಡ್ ಕಂಟ್ರೋಲರ್ ಕೂಡ ಬದಲಾಯಿಸಿದೆ, ಮತ್ತೆ ಅದೇ ಕಥೆ. ಒಂದಿನ ಗ್ಲೌಸ್ ತೆಗೆದು ಬ್ಯಾಟರಿ ಮುಟ್ಟಿದಾಗ ಗೊತ್ತಾಯ್ತು, ಮಂಜುಗಡ್ಡೆ ಹಿಡಿದಂಗೆ ಕೊರೀತಿತ್ತು, ರಾತ್ರಿಯೆಲ್ಲ ಕಾರಿನ ಡಿಕ್ಕಿಲೇ ಬಿಟ್ಟಿದ್ದೆ. ಮೂರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಮೀಟರಲ್ಲಿ 12.6 ವೋಲ್ಟ್, ಅಂದ್ರೆ ಫುಲ್ ಚಾರ್ಜ್ ತೋರಿಸುತ್ತೆ, ಆದ್ರೆ ಚಳಿಗೆ ಒಳಗಿನ ರೆಸಿಸ್ಟೆನ್ಸ್ ಜಾಸ್ತಿಯಾಗಿ ಲೋಡ್ ಬಿದ್ದ ಕೂಡ್ಲೇ ವೋಲ್ಟೇಜ್ ಕುಸಿಯುತ್ತೆ, ಕಂಟ್ರೋಲರ್ ಬ್ಯಾಟರಿ ಖಾಲಿ ಅಂದ್ಕೊಂಡು ಮೋಟಾರ್ ಕಟ್ ಮಾಡುತ್ತೆ.

ಈಗ ಬ್ಯಾಟರಿಗಳನ್ನ ಥರ್ಮೋಕೋಲ್ ಡಬ್ಬೀಲಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕ ಇಡ್ತೀನಿ, ಹಾರಿಸೋಕೆ ಮುಂಚೆ ಮಾತ್ರ ಹೊರಗೆ. ಹಾರಾಟದ ಟೈಮರ್ ನಾಲ್ಕೇ ನಿಮಿಷಕ್ಕೆ ಇಟ್ಟಿದೀನಿ. ತಣ್ಣನೆ ಗಾಳಿ ಬ್ಯಾಟರಿಗೆ ಕಮ್ಮಿ ಬಡೀಲಿ ಅಂತ ವಿಮಾನದ ಮೂತಿಯಲ್ಲಿರೋ ಗಾಳಿ ತೂತಿಗೆ ಅರ್ಧ ಟೇಪ್ ಹಚ್ಚಿದೀನಿ. ಸೊನ್ನೆ ಡಿಗ್ರಿಗಿಂತ ಕಮ್ಮಿ ಇದ್ದಾಗ ಚಾರ್ಜ್ ಮಾತ್ರ ಮಾಡ್ಲೇಬೇಡಿ, ಸೆಲ್ ಒಳಗೇ ಹಾಳಾಗುತ್ತೆ.

ಇನ್ನೊಂದು, ಬೆಚ್ಚಗಿರೋ ಕಾರಿಂದ ತೆಗೆದ ವಿಮಾನಾನ ಸೀದಾ ಹಿಮದ ಮೇಲೆ ಇಟ್ರೆ ಸ್ಕೀ ಕೆಳಗೆ ಕರಗಿ ಮತ್ತೆ ಹೆಪ್ಪುಗಟ್ಟಿ ಅಂಟ್ಕೊಳುತ್ತೆ, ಹತ್ತು ನಿಮಿಷ ಕಾರಿನ ಮೇಲಿಟ್ಟು ತಣ್ಣಗಾಗೋಕೆ ಬಿಡಿ. ಹೋದ ಭಾನುವಾರ ಮೈನಸ್ 12ರಲ್ಲಿ ಐದು ಸಲ ಹಾರಿಸಿದೆ, ಒಂದ್ಸಲಾನೂ ಮೋಟಾರ್ ನಿಲ್ಲಲಿಲ್ಲ.