ಆಫೀಸಿಗೆ ಕಿಲ್ಟ್ ಹಾಕಿಕೊಂಡು ಹೋದೆ, ಎಲ್ಲರೂ ಕೇಳಿದ್ದು ‘ಮದುವೆ ಯಾರದು?’

ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಮಂಡಿಯವರೆಗಿನ ನೆರಿಗೆಯ ಚೌಕಳಿ ಉಡುಪೇ ಕಿಲ್ಟ್. ಅದನ್ನು ಹಾಕಿಕೊಂಡು ಹೋದ ಮೊದಲ ದಿನ ಆಫೀಸಿನ ಬಾಗಿಲಲ್ಲೇ ಸೆಕ್ಯುರಿಟಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, ‘ಯಾರ ಮದುವೆ?’ ಲಿಫ್ಟ್‌ನಲ್ಲಿ ಸಿಕ್ಕ ಅಕೌಂಟ್ಸ್ ಹೆಂಗಸೂ ಅದನ್ನೇ ಕೇಳಿದರು. ಕಾಫಿ ಮೆಷಿನ್ ಹತ್ತಿರ ಮತ್ತಿಬ್ಬರು. ಹನ್ನೊಂದು ಗಂಟೆಯೊಳಗೆ ಏಳು ಜನ ಕೇಳಿದ್ದರು. ಮದುವೆ ಯಾರದ್ದೂ ಇರಲಿಲ್ಲ. ಅದು ಸೆಪ್ಟೆಂಬರಿನ ಒಂದು ಮಂಗಳವಾರ, ಅಷ್ಟೇ.

ಎಡಿನ್‌ಬರಾಗೆ ಕೆಲಸಕ್ಕೆ ಬರುವ ಮೊದಲು ನಾನು ಅಂದುಕೊಂಡಿದ್ದು ಬೇರೆ. ಸ್ಕಾಟ್ಲೆಂಡ್ ಅಂದರೆ ಗಂಡಸರೆಲ್ಲ ಕಿಲ್ಟ್‌ನಲ್ಲೇ ಓಡಾಡುತ್ತಾರೆ, ನಮ್ಮ ಮಂಡ್ಯ ಕಡೆ ಲುಂಗಿ ಇದ್ದ ಹಾಗೆ ಅಂತ. ಬಂದು ನೋಡಿದರೆ ಎಲ್ಲರದ್ದೂ ಪ್ಯಾಂಟೇ. ಕಿಲ್ಟ್ ಕಾಣುವುದು ಮದುವೆಯಲ್ಲಿ, ಜನವರಿ 25ರಂದು ಕವಿ ರಾಬರ್ಟ್ ಬರ್ನ್ಸ್ ನೆನಪಿಗೆ ಮಾಡುವ ಬರ್ನ್ಸ್ ನೈಟ್ ಊಟದಲ್ಲಿ, ಡಿಗ್ರಿ ಕೊಡುವ ಸಮಾರಂಭದಲ್ಲಿ, ಮರೆಫೀಲ್ಡ್ ಮೈದಾನದಲ್ಲಿ ರಗ್ಬಿ ಇದ್ದ ದಿನ. ಅದು ಬಿಟ್ಟರೆ ರಾಯಲ್ ಮೈಲ್ ರಸ್ತೆಯಲ್ಲಿ ಪ್ರವಾಸಿಗರ ಎದುರು ಬ್ಯಾಗ್‌ಪೈಪ್ ಊದುವವನ ಮೈಮೇಲೆ. ಹಾಗಾಗಿ ವಾರದ ಮಧ್ಯೆ ಕಿಲ್ಟ್ ಹಾಕಿ ಆಫೀಸಿಗೆ ಹೋಗುವುದು ಅಂದರೆ, ಜರಿ ಪಂಚೆ, ಶಲ್ಯ, ಮೈಸೂರು ಪೇಟ ಎಲ್ಲ ಹಾಕಿಕೊಂಡು ಬೆಂಗಳೂರಿನ ಟೆಕ್ ಪಾರ್ಕ್‌ಗೆ ನುಗ್ಗಿದ ಹಾಗೆ. ‘ಏನ್ ಗುರು ವಿಶೇಷ?’ ಅಂತ ಕೇಳದೆ ಯಾರು ಬಿಡುತ್ತಾರೆ?

ಈ ಹುಚ್ಚು ಶುರುವಾಗಿದ್ದು 2024ರ ಜನವರಿಯಲ್ಲಿ. ಬರ್ನ್ಸ್ ನೈಟ್‌ಗೆ ಅಂತ ಬಾಡಿಗೆಗೆ ಒಂದು ಕಿಲ್ಟ್ ತಂದಿದ್ದೆ. ಹಾಕಿಕೊಂಡ ಐದು ನಿಮಿಷಕ್ಕೇ ಊರಿನ ನೆನಪು ಬಂತು. ಕಾಲಿಗೆ ಗಾಳಿ ಸಿಗುವುದು ಅಂದರೆ ಏನು ಅಂತ ಪಂಚೆ ಉಟ್ಟವರಿಗೆ ಹೇಳಬೇಕಾಗಿಲ್ಲ. ಆಮೇಲೆ ಜುಲೈನಲ್ಲಿ ಒಂದು ಸುದ್ದಿ ಓದಿದೆ. ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡೋಕೆ ಬೆಂಗಳೂರಿನ ಮಾಲ್‌ಗೆ ಹೋದರೆ, ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ಗಲಾಟೆಯಾಗಿ, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಅವರ ಫೋಟೋ ನೋಡಿದರೆ ನಮ್ಮಪ್ಪನ ಹಾಗೇ ಇದ್ದರು. ನನಗೆ ಸಿಟ್ಟು ಬಂತು. ಅದಕ್ಕಿಂತ ಜಾಸ್ತಿ ನಾಚಿಕೆ ಆಯಿತು. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ರಾಜ್ಯೋತ್ಸವದ ಫೋಟೋಗೆ ಬಿಟ್ಟರೆ ಒಂದು ದಿನವೂ ಪಂಚೆಯಲ್ಲಿ ಆಫೀಸಿಗೆ ಹೋದವನಲ್ಲ.

ಸರಿ, ಇಲ್ಲಿನದಾದರೂ ಹಾಕಿ ನೋಡೋಣ ಅನ್ನಿಸಿತು. ಇದು ಸ್ವಲ್ಪ ವಕ್ರ ಯೋಚನೆ ಅಂತ ಗೊತ್ತು.

ಮೊದಲು ಮ್ಯಾನೇಜರ್‌ಗೆ ಒಂದು ಸಾಲು ಬರೆದು ಕೇಳಿದೆ. ಕೇಳಿದ್ದು ಒಳ್ಳೆಯದಾಯಿತು, ಮುಂದೆ ಅದೇ ಕಾಪಾಡಿತು. ‘ಧಾರಾಳವಾಗಿ ಹಾಕಿಕೋ, ಕತ್ತಿ ಮಾತ್ರ ಬೇಡ’ ಅಂತ ಉತ್ತರ ಬಂತು. ಕಿಲ್ಟ್ ಜೊತೆ ಕಾಲುಚೀಲದೊಳಗೆ ಸಿಕ್ಕಿಸುವ ಸಣ್ಣ ಚೂರಿ ಒಂದಿದೆ, ಸ್ಕೀನ್ ಡೂ ಅನ್ನುತ್ತಾರೆ. ರಾಷ್ಟ್ರೀಯ ಉಡುಪಿನ ಭಾಗವಾಗಿ ಅದನ್ನು ಇಟ್ಟುಕೊಳ್ಳಲು ಇಲ್ಲಿನ ಕಾನೂನಿನಲ್ಲಿ ಅವಕಾಶ ಇದೆ. ಆದರೂ ಆಫೀಸಿಗೆ ಯಾಕೆ ಬೇಕು, ಅಲ್ವಾ?

ಆಮೇಲೆ ಬಟ್ಟೆ. ಆ ಚೌಕಳಿ ಬಟ್ಟೆಗೆ ಟಾರ್ಟನ್ ಅನ್ನುತ್ತಾರೆ. ಒಂದೊಂದು ಮನೆತನಕ್ಕೆ ಒಂದೊಂದು ವಿನ್ಯಾಸ, ಬೇರೆಯವರದ್ದು ಹಾಕಿದರೆ ಜಗಳ ಆಗುತ್ತೆ ಅಂತ ನಾನು ಹೆದರಿದ್ದೆ. ಹಾಗೇನಿಲ್ಲ. ಒಂದೆರಡನ್ನು ರಾಜಮನೆತನ ತನಗೇ ಇಟ್ಟುಕೊಂಡಿದೆ, ಉಳಿದದ್ದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಹೊಸ ವಿನ್ಯಾಸ ಮಾಡಿ ನೋಂದಾಯಿಸಲು 2009ರಿಂದ ಸರ್ಕಾರಿ ದಾಖಲೆ ಪುಸ್ತಕವೇ ಇದೆ. ನಾನು ಆರಿಸಿದ್ದು ಬ್ಲ್ಯಾಕ್ ವಾಚ್. ಕಡುನೀಲಿ, ಕಡುಹಸಿರು, ಕಪ್ಪು. ಒಂದು ಸೈನ್ಯದ ಪಡೆಯದ್ದು, ಯಾರು ಬೇಕಾದರೂ ಹಾಕಬಹುದು. ದೂರದಿಂದ ನೋಡಿದರೆ ನಮ್ಮಜ್ಜನ ಲುಂಗಿ.

ರಾಯಲ್ ಮೈಲ್‌ನಲ್ಲಿ ಅಗ್ಗದ ಕಿಲ್ಟ್‌ಗಳು ರಾಶಿ ಬಿದ್ದಿರುತ್ತವೆ. ದಯವಿಟ್ಟು ತೆಗೆದುಕೊಳ್ಳಬೇಡಿ. ಅಕ್ರಿಲಿಕ್ ಬಟ್ಟೆ, ಎರಡು ಸಲ ಕೂತರೆ ನೆರಿಗೆ ಸತ್ತು ಹೋಗುತ್ತೆ. ಅಳತೆ ಕೊಟ್ಟು ಕೈಯಲ್ಲಿ ಹೊಲಿಸಿದರೆ ನೂರಾರು ಪೌಂಡ್. ನನಗೆ ಸಿಕ್ಕಿದ್ದು ಚಾರಿಟಿ ಅಂಗಡಿಯಲ್ಲಿ, 85 ಪೌಂಡ್‌ಗೆ, ಅಪ್ಪಟ ಉಣ್ಣೆಯದ್ದು. ಒಳಗೆ ಯಾವುದೋ ಹಳೆಯ ದರ್ಜಿಯ ಚೀಟಿ ಇನ್ನೂ ಇತ್ತು. ಎಂಟು ಗಜದ ಕಿಲ್ಟ್ ಅದು. ಅಪ್ಪನ ಎಂಟು ಮೊಳದ ಪಂಚೆಯ ಎರಡರಷ್ಟು ಬಟ್ಟೆ, ಎಲ್ಲ ಹಿಂದುಗಡೆ ನೆರಿಗೆಯಾಗಿ ಕೂತಿದೆ. ಕೈಯಲ್ಲಿ ಹಿಡಿದರೆ ಎರಡು ಕಿಲೋ ಹತ್ತಿರ ತೂಗುತ್ತೆ.

ಉಡುವುದು ಹೀಗೆ. ನಮ್ಮದರಲ್ಲಿ ನೆರಿಗೆ ಮುಂದೆ, ಇದರಲ್ಲಿ ಹಿಂದೆ. ಮೊದಲ ಸಲ ನಾನು ಅಭ್ಯಾಸಬಲದಿಂದ ಮುಂದಕ್ಕೇ ತಂದಿದ್ದೆ, ಹೆಂಡತಿ ನೋಡಿ ನಕ್ಕು ನಕ್ಕು ಕೂತುಬಿಟ್ಟಳು. ಒಳಗಿನ ಪದರ ಬಲದಿಂದ ಎಡಕ್ಕೆ ಬಂದು, ಅದರ ಪಟ್ಟಿ ಎಡಸೊಂಟದ ಸೀಳಿನಿಂದ ಹೊರಬಂದು ಬಕಲ್‌ಗೆ ಸೇರಬೇಕು. ಮೇಲಿನ ಪದರ ಎಡದಿಂದ ಬಲಕ್ಕೆ. ಗಂಡಸರಿಗೆ ಅಂಚು ಬಲಗಡೆಯೇ ಬರಬೇಕು. ಪ್ಯಾಂಟಿನ ಹಾಗೆ ಸೊಂಟದ ಕೆಳಗೆ ಇಳಿಬಿಡುವಂತಿಲ್ಲ, ಹೊಕ್ಕುಳ ಮಟ್ಟಕ್ಕೆ ಕಟ್ಟಬೇಕು. ಉದ್ದ ಸರಿ ಇದೆಯಾ ಅಂತ ನೋಡಲು ಮಂಡಿಯೂರಿ ಕೂರಿ. ಕೆಳಗಿನ ಅಂಚು ನೆಲಕ್ಕೆ ತಾಗಿಯೂ ತಾಗದ ಹಾಗೆ ಇದ್ದರೆ ಸರಿ.

ಆಫೀಸಿನಲ್ಲಿ ನಿಜವಾದ ಪರೀಕ್ಷೆ ಕೂರುವುದು. ನಿಂತಾಗ ಎಲ್ಲರೂ ರಾಜರೇ. ಕೂರುವಾಗ ಎರಡೂ ಕೈಯಲ್ಲಿ ಹಿಂದಿನ ನೆರಿಗೆಯನ್ನು ತೊಡೆಗೆ ಒತ್ತಿ ಸವರಿಕೊಂಡು ಕೂರಬೇಕು. ಇಲ್ಲದಿದ್ದರೆ ನೆರಿಗೆ ಮುದುಡುತ್ತೆ, ಬರಿ ತೊಡೆಗೆ ಕುರ್ಚಿಯ ಜಾಲರಿ ಒತ್ತಿ ಗುರುತು ಬೀಳುತ್ತೆ. ಇದನ್ನು ಹೇಳಿಕೊಟ್ಟವಳು ಹೆಂಡತಿ. ‘ಲಂಗ ಹಾಕಿ ಬೆಳೆದವರಿಗೆ ಇದು ಒಂದನೇ ಕ್ಲಾಸಿನ ಪಾಠ’ ಅಂದಳು. ಮಂಡಿ ಅಗಲಿಸಿ ಕೂರುವ ಗಂಡಸರ ಚಟ ಒಂದು ವಾರದಲ್ಲಿ ಬಿಟ್ಟಿತು. ಮುಂದೆ ತೂಗುವ ತೊಗಲಿನ ಚೀಲ ಇದೆಯಲ್ಲ, ಸ್ಪೋರನ್, ಅದರ ಭಾರ ಬಟ್ಟೆಯನ್ನು ತೊಡೆಗಳ ನಡುವೆ ಹಿಡಿದಿಡುತ್ತೆ. ಕಿಲ್ಟ್‌ಗೆ ಜೇಬಿಲ್ಲ, ಹಾಗಾಗಿ ಫೋನು, ಐಡಿ ಕಾರ್ಡು, ಬಸ್ ಕಾರ್ಡು ಎಲ್ಲ ಅದರಲ್ಲೇ. ಮೇಜಿನ ಹತ್ತಿರ ಕೂತಾಗ ಅಡ್ಡ ಬರುತ್ತೆ, ಪಕ್ಕಕ್ಕೆ ಸರಿಸಿಕೊಳ್ಳುತ್ತೇನೆ. ನಮ್ಮ ಆಫೀಸಿನಲ್ಲಿ ಗಾಜಿನ ಮೆಟ್ಟಿಲಿದೆ. ಕಿಲ್ಟ್ ಹಾಕುವ ಮಂಗಳವಾರ ನಾನು ಲಿಫ್ಟ್.

ಇನ್ನು ಆ ‘ಮದುವೆ’ ವಿಷಯ. ಮಧ್ಯಾಹ್ನ ಊಟದ ಹೊತ್ತಿಗೆ ಗ್ಲಾಸ್ಗೋ ಕಡೆಯ ಸಹೋದ್ಯೋಗಿಯೊಬ್ಬರು ಬಂದು ಎದುರು ಕೂತರು. ಐವತ್ತು ದಾಟಿದ ಹೆಂಗಸು, ಮಾತು ಸ್ವಲ್ಪ ಖಡಕ್. ಅವರ ಇಬ್ಬರು ಗಂಡುಮಕ್ಕಳ ಮದುವೆಯಲ್ಲೂ ಕಿಲ್ಟ್ ಉಡಿಸಿದವರು. ‘ಎಲ್ಲರೂ ಯಾಕೆ ಕೇಳುತ್ತಿದ್ದಾರೆ ಗೊತ್ತಾ? ನೀನು ಮದುಮಗನ ಹಾಗೆ ಬಂದಿದ್ದೀಯ’ ಅಂದರು. ನಾನು ಬಾಡಿಗೆ ಅಂಗಡಿಯಲ್ಲಿ ನೋಡಿದ್ದನ್ನೇ ನಕಲು ಮಾಡಿದ್ದೆ: ಬಿಳಿ ಕಾಲುಚೀಲ, ಟೈ, ತುಪ್ಪಳದ ಸ್ಪೋರನ್, ಬೆಳ್ಳಿ ಸರಪಳಿ, ಕಣಕಾಲಿಗೆ ದಾರ ಸುತ್ತುವ ಶೂ. ‘ಬಿಳಿ ಕಾಲುಚೀಲ ಬಿಸಾಡು. ದಪ್ಪ ಬೂದು ಉಣ್ಣೆಯದ್ದು ಹಾಕು. ಮಾಮೂಲಿ ಬೂಟು, ಮಾಮೂಲಿ ಸ್ವೆಟರ್, ಸಾದಾ ತೊಗಲಿನ ಚೀಲ.’ ಆಮೇಲೆ ಬಗ್ಗಿ, ಮುಂದಿನ ಅಂಚಿಗೆ ಚುಚ್ಚುವ ನನ್ನ ಕಿಲ್ಟ್ ಪಿನ್ ತೆಗೆದು, ಮತ್ತೆ ಚುಚ್ಚಿದರು. ನಾನು ಎರಡೂ ಪದರ ಸೇರಿಸಿ ಚುಚ್ಚಿದ್ದೆ. ‘ಮೇಲಿನ ಪದರಕ್ಕೆ ಮಾತ್ರ. ಎರಡಕ್ಕೂ ಚುಚ್ಚಿದರೆ ನಡೆಯುವಾಗ ಉಣ್ಣೆ ಹರಿಯುತ್ತೆ.’

ಮುಂದಿನ ಮಂಗಳವಾರ ಅವರು ಹೇಳಿದ ಹಾಗೇ ಹೋದೆ. ಮದುವೆ ಕೇಳಿದವರು ಇಬ್ಬರೇ. ಅದರ ಮುಂದಿನ ವಾರ ಒಬ್ಬರೂ ಇಲ್ಲ.

ಎಲ್ಲ ಇಷ್ಟು ಸಲೀಸಾಗಿರಲಿಲ್ಲ. ಕಿಲ್ಟ್ ಹಾಕಿದವರಿಗೆ ತಪ್ಪದ ಇನ್ನೊಂದು ಪ್ರಶ್ನೆ ಇದೆ: ‘ಕಿಲ್ಟ್ ಕೆಳಗೆ ಏನು ಹಾಕಿದ್ದೀಯ?’ ಮೊದಲ ಸಲ ನಗು ಬಂತು. ‘ಬೂಟು, ಕಾಲುಚೀಲ’ ಅನ್ನುವುದು ಇಲ್ಲಿನ ಹಳೆಯ ಉತ್ತರ, ನಾನೂ ಅದನ್ನೇ ಹೇಳಿದೆ. ಹತ್ತನೇ ಸಲಕ್ಕೆ ಬೇಜಾರಾಯಿತು. ಒಬ್ಬ ಆಸಾಮಿ ಪ್ರಿಂಟರ್ ಹತ್ತಿರ ಸ್ಕೇಲ್ ಹಿಡಿದು ಹಿಂದಿನಿಂದ ಎತ್ತಲು ಬಂದ, ತಮಾಷೆಗಂತೆ. ನಾನು ತಿರುಗಿ, ಜೋರಾಗಿಯೇ, ‘ಇದನ್ನು ಇಲ್ಲಿ ಯಾವ ಹೆಂಗಸಿಗಾದರೂ ಮಾಡುತ್ತೀಯಾ?’ ಅಂದೆ. ಸುತ್ತ ಎಲ್ಲರೂ ಸುಮ್ಮನಾದರು. ಅದೇ ದಿನ ಮ್ಯಾನೇಜರ್‌ಗೆ ಹೇಳಿದೆ. ಅವನು ಕ್ಷಮೆ ಕೇಳಿದ. ಒಳಗೆ ನಾನು ಚಡ್ಡಿ ಹಾಕುತ್ತೇನೆ, ಯಾವಾಗಲೂ. ಉಣ್ಣೆ ಚುಚ್ಚುತ್ತೆ.

ಇನ್ನೊಬ್ಬರು ವಯಸ್ಸಾದ ಎಂಜಿನಿಯರ್, ಹೈಲ್ಯಾಂಡ್ಸ್ ಅನ್ನುವ ಉತ್ತರದ ಗುಡ್ಡಗಾಡಿನ ಕಡೆಯವರು. ಅವರು ಎರಡು ವಾರ ಏನೂ ಮಾತಾಡಲಿಲ್ಲ. ಆಮೇಲೆ ಟೀ ಕುಡಿಯುವಾಗ, ‘ಇದು ವೇಷ ಅಲ್ಲ, ಗೊತ್ತಿರಲಿ’ ಅಂದರು. ನನಗೆ ಚುರುಕ್ ಅಂತು. ಆದರೆ ಅವರೇ ಕಥೆ ಬಿಚ್ಚಿದರು. ದೊರೆಯ ವಿರುದ್ಧ ದಂಗೆ ಎದ್ದ ಹೈಲ್ಯಾಂಡ್‌ನವರು ಕಲೋಡನ್ ಯುದ್ಧದಲ್ಲಿ ಸೋತ ಮೇಲೆ 1746ರಲ್ಲಿ ಹೈಲ್ಯಾಂಡ್ ಗಂಡಸರು ಈ ಉಡುಪು ಹಾಕಬಾರದು ಅಂತ ಕಾನೂನು ಬಂತು. ತೆಗೆದದ್ದು 1782ರಲ್ಲಿ. ಬ್ರಿಟಿಷ್ ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. ‘ನಿನ್ನ ಮೈಮೇಲೆ ಇರುವುದು ಆ ಸೈನ್ಯದ ಚೌಕಳಿ’ ಅಂದರು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರಾಗೆ ಬಂದಾಗ ಅವನೇ ಕಿಲ್ಟ್ ಹಾಕಿದ, ಕಾಲಿಗೆ ಗುಲಾಬಿ ಬಣ್ಣದ ಬಿಗಿ ಉಡುಪಿನ ಜೊತೆ. ಅಲ್ಲಿಂದ ಶ್ರೀಮಂತರಿಗೆಲ್ಲ ಅದು ಫ್ಯಾಷನ್. ‘ವೇಷ ಕಟ್ಟಿದವರಲ್ಲಿ ನೀನು ಮೊದಲನೆಯವನೇನಲ್ಲ ಬಿಡು’ ಅಂತ ನಕ್ಕರು.

ನಾನೂ ಒಂದು ಕಥೆ ಹೇಳಿದೆ. ನಮ್ಮೂರಿನ ಪಕ್ಕದ ಶ್ರೀರಂಗಪಟ್ಟಣದ ಕೋಟೆಗೆ 1799ರ ಮೇ 4ರಂದು ನುಗ್ಗಿದವರ ಮುಂದಾಳು ಡೇವಿಡ್ ಬೇರ್ಡ್, ಸ್ಕಾಟ್ಲೆಂಡಿನವನು. ಅದಕ್ಕೂ ಮುಂಚೆ 1780ರಲ್ಲಿ ಹೈದರಾಲಿ ಕೈಗೆ ಸಿಕ್ಕಿ, ಅದೇ ಊರಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನು. ಸ್ಕೂಲ್ ಟ್ರಿಪ್‌ಗಳಲ್ಲಿ ಆ ಸೆರೆಮನೆಯನ್ನು ನಾನು ನಾಲ್ಕು ಸಲ ನೋಡಿದ್ದೇನೆ. ಅವರು ಬೇರ್ಡ್‌ನ ತಾಯಿಯ ಬಗ್ಗೆ ಇಲ್ಲಿ ಹೇಳುವ ಮಾತನ್ನು ಹೇಳಿದರು. ಕೈದಿಗಳನ್ನು ಜೋಡಿಜೋಡಿಯಾಗಿ ಸರಪಳಿ ಹಾಕಿದ್ದಾರೆ ಅಂತ ತಿಳಿದಾಗ ಆಕೆ, ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಪಾಡು ದೇವರಿಗೇ ಪ್ರೀತಿ, ಅಂದಳಂತೆ. ಆವತ್ತಿನಿಂದ ನಾವಿಬ್ಬರೂ ಟೀ ಜೊತೆಗೇ ಕುಡಿಯುತ್ತೇವೆ.

ನಿಜವಾಗಿ ಕಾಲೆಳೆದವರು ನಮ್ಮವರೇ. ಬೆಂಗಳೂರಿನ ಟೀಮ್ ಜೊತೆ ವಿಡಿಯೋ ಕಾಲ್‌ನಲ್ಲಿದ್ದಾಗ ನೀರು ತರಲು ಎದ್ದೆ. ‘ಗುರು, ಸ್ಕರ್ಟಾ?’ ಅಂತ ಒಬ್ಬ ಕಿರುಚಿದ. ಹತ್ತು ನಿಮಿಷದಲ್ಲಿ ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪಿನಲ್ಲಿತ್ತು. ಒಬ್ಬ ಚಿಕ್ಕ ಹುಡುಗ ಮಾತ್ರ ಆಮೇಲೆ ಬೇರೆಯಾಗಿ ಮೆಸೇಜ್ ಮಾಡಿದ: ‘ಅಣ್ಣ, ಇಲ್ಲಿ ನಾನು ಪಂಚೆಲಿ ಬಂದ್ರೆ ಕ್ಲೈಂಟ್ ಕಾಲ್‌ನಲ್ಲಿ ಕ್ಯಾಮೆರಾ ಆಫ್ ಮಾಡು ಅಂತಾರೆ.’ ಅದಕ್ಕೆ ಏನು ಉತ್ತರ ಬರೆಯಬೇಕೋ ತಿಳಿಯಲಿಲ್ಲ. ಥಂಬ್ಸ್ ಅಪ್ ಹಾಕಿ ಸುಮ್ನಾದೆ. ಈಗಲೂ ಅದು ಚುಚ್ಚುತ್ತೆ.

ಮನೆಯಲ್ಲಿ ಅವ್ವ ಫೋನಿನಲ್ಲಿ ನೋಡಿ, ‘ಏನ್ಲಾ ಇದು, ಲಂಗ ಹಾಕ್ಕಂಡ್ ಕುಂತಿದ್ದೀಯ!’ ಅಂದಳು. ಅಪ್ಪ ಫೋನ್ ಕಿತ್ತುಕೊಂಡು, ಹತ್ತಿರ ಹಿಡಿ ಅಂತ ಬಟ್ಟೆ ನೋಡಿದರು. ‘ಉಣ್ಣೆ ಚೆನ್ನಾಗದೆ. ನೆರಿಗೆ ಯಾಕ್ಲಾ ಹಿಂದಕ್ಕೋಗದೆ?’

ನವೆಂಬರ್ 1, ಶುಕ್ರವಾರ. ಆವತ್ತು ಪಂಚೆಯಲ್ಲೇ ಹೋಗುವುದು ಅಂತ ತೀರ್ಮಾನಿಸಿದ್ದೆ. ಅಪ್ಪ ಕೊಟ್ಟು ಕಳಿಸಿದ್ದ ಬಿಳಿ ಪಂಚೆ, ಮೇಲೆ ಅದೇ ಬೂದು ಸ್ವೆಟರ್. ಬಸ್ ಸ್ಟಾಪಿನಲ್ಲಿ ನಿಂತ ಮೇಲೆ ಗೊತ್ತಾಯಿತು, ಎಂಟು ಗಜ ಉಣ್ಣೆಗೂ ಹತ್ತಿಯ ಪಂಚೆಗೂ ಇರುವ ವ್ಯತ್ಯಾಸ. ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಕಿಲ್ಟ್ ಅಲ್ಲಾಡುವುದಿಲ್ಲ. ಪಂಚೆ ಬಾವುಟ. ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗ್, ಇನ್ನೊಂದರಲ್ಲಿ ಅಂಚು ಹಿಡಿದು ಹೇಗೋ ಬಸ್ ಹತ್ತಿದೆ. ಸೆಕ್ಯುರಿಟಿಯವರು ನನ್ನನ್ನು ನೋಡಿದರು, ಪಂಚೆ ನೋಡಿದರು, ಮತ್ತೆ ಮುಖ ನೋಡಿದರು.

‘ಯಾರ ಮದುವೆ?’

ಶುಕ್ರವಾರ ಆದ್ದರಿಂದ ಆಫೀಸಿನಲ್ಲಿ ಅರ್ಧ ಜನವೂ ಇರಲಿಲ್ಲ. ಗ್ಲಾಸ್ಗೋ ಮೇಡಂ ಇದ್ದರು. ನನ್ನ ಪಾಡು ನೋಡಿ, ಡ್ರಾಯರ್‌ನಿಂದ ಒಂದು ಕಿಲ್ಟ್ ಪಿನ್ ತೆಗೆದು ಕೈಗಿಟ್ಟರು. ಸಂಜೆ ಬಸ್ ಸ್ಟಾಪಿಗೆ ಹೊರಡುವ ಮುಂಚೆ ಅದನ್ನು ಎರಡೂ ಪದರ ಸೇರಿಸಿಯೇ ಚುಚ್ಚಿದೆ. ಅವರು ನೋಡಿದರು, ಏನೂ ಅನ್ನಲಿಲ್ಲ.