ಚಿಕಿತ್ಸೆ ಅರ್ಧಕ್ಕೆ ಬಿಡುವವರನ್ನು ಉಳಿಸಿಕೊಂಡಿದ್ದು ಹೇಗೆ: ನನ್ನ ಅನುಭವ

ಬಡವರು ಕುಡಿತ ಬಿಡಿಸುವ ಚಿಕಿತ್ಸೆಗೆ ಬರುವುದೇ ಇಲ್ಲ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಬರುತ್ತಾರೆ. ಹೆಂಡತಿ ಕರೆದುಕೊಂಡು ಬರುತ್ತಾಳೆ, ಅಣ್ಣ ಎಳೆದುಕೊಂಡು ಬರುತ್ತಾನೆ, ಎಷ್ಟೋ ಜನ ತಾವಾಗಿಯೇ ಬರುತ್ತಾರೆ. ಆದರೆ ಅರ್ಧಕ್ಕೆ ಬಿಟ್ಟು ಹೋಗುತ್ತಾರೆ. ದಿನಗೂಲಿಯವರೇ ಜಾಸ್ತಿ ಇರುವ ಕಡೆ ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿ ನಾನು ಮಾಡಿರುವ ಕೆಲಸದಲ್ಲಿ ದೊಡ್ಡ ಪಾಲು ಇದೇ: ಬಂದವರನ್ನು ಕೊನೆಯವರೆಗೂ ಉಳಿಸಿಕೊಳ್ಳುವುದು.

"ಅವನಿಗೆ ಬಿಡುವ ಮನಸ್ಸಿಲ್ಲ" ಅನ್ನುವ ಮಾತನ್ನು ನಮ್ಮ ಕೇಂದ್ರದಲ್ಲಿ ಆಡಬಾರದು ಅಂತ ನಾನು ಹಟ ಹಿಡಿದಿದ್ದೇನೆ. ಯಾರಾದರೂ ಹೊರಟು ನಿಂತರೆ ಯಾಕೆ ಅಂತ ಕೂತು ಕೇಳಬೇಕು. ಕೇಳಿದರೆ ಸಿಗುವ ಉತ್ತರಗಳು ತುಂಬಾ ಸಾಮಾನ್ಯ. ಬಾಡಿಗೆ ಕಟ್ಟಬೇಕು. ಮಗುವಿಗೆ ಜ್ವರ. ಸಾಲ ಕೊಟ್ಟವನು ಮನೆ ಬಾಗಿಲಿಗೆ ಬಂದಿದ್ದಾನೆ.

ಒಬ್ಬ ಗಾರೆ ಕೆಲಸದವರು ಇದ್ದರು. ದಾಖಲಾಗಿ ಇನ್ನೂ ಒಂದು ವಾರವೂ ಆಗಿರಲಿಲ್ಲ, ಕೈ ನಡುಕ ನಿಂತಿತ್ತು, ಹೊಟ್ಟೆ ತುಂಬಾ ಊಟ ಮಾಡುತ್ತಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ ಚಪ್ಪಲಿ ಹಾಕಿಕೊಂಡೇ ಮಂಚದ ಅಂಚಿಗೆ ಕೂತಿದ್ದಾರೆ, ಬಟ್ಟೆ ಚೀಲ ತೊಡೆ ಮೇಲಿದೆ. "ಮೇಡಂ, ಮೇಸ್ತ್ರಿ ಫೋನ್ ಮಾಡಿದ್ದರು. ನಾಳೆ ಬರದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತಾರಂತೆ" ಅಂದರು. ಆ ಹೊತ್ತಿನಲ್ಲಿ ಲಿವರ್ ಬಗ್ಗೆ ಪಾಠ ಹೇಳಿ ಏನು ಪ್ರಯೋಜನ? "ನಿಮ್ಮ ಮೇಸ್ತ್ರಿ ಹತ್ತಿರ ನಾನು ಮಾತಾಡಲಾ? ಏನು ಹೇಳಬೇಕು, ಏನು ಹೇಳಬಾರದು ನೀವೇ ಹೇಳಿ" ಅಂತ ಕೇಳಿದೆ. ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದೇನೆ ಅಂತ ಮಾತ್ರ ಹೇಳಿ ಅಂದರು. ಅವರ ಎದುರಿಗೇ ಫೋನ್ ಮಾಡಿ ಅಷ್ಟೇ ಹೇಳಿದೆ. ಮೇಸ್ತ್ರಿ ಸ್ವಲ್ಪ ಗೊಣಗಿ, ಆಮೇಲೆ ಒಪ್ಪಿಕೊಂಡರು. ಚಪ್ಪಲಿ ಮಂಚದ ಕೆಳಗೆ ಹೋಯಿತು. ಅಂದಿನಿಂದ ದಾಖಲಾಗುವ ದಿನವೇ ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ನೀವು ಇಲ್ಲಿರುವಾಗ ಮನೆ ಖರ್ಚು ಯಾರು ನೋಡಿಕೊಳ್ಳುತ್ತಾರೆ, ಕೆಲಸದ ಕಡೆ ಯಾರಿಗೆ ತಿಳಿಸಬೇಕು? ಎಷ್ಟು ಕುಡಿಯುತ್ತೀರಿ ಅನ್ನುವುದು ಆಮೇಲೆ ಬರುತ್ತೆ.

ಕೆಲಸ ಹೋಗುತ್ತೆ ಅನ್ನುವ ಭಯಕ್ಕೆ ಕೆಲವರು ಮನೆಯಲ್ಲೇ ಒಂದೇ ಏಟಿಗೆ ಬಿಟ್ಟುಬಿಡುತ್ತೇನೆ ಅನ್ನುತ್ತಾರೆ. ಇದನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗುತ್ತೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ ಬರುತ್ತೆ. ಕೆಲವರಿಗೆ ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಇಲ್ಲದ್ದೆಲ್ಲ ಕಾಣಿಸುತ್ತೆ, ಎಲ್ಲಿದ್ದೇವೆ ಅನ್ನುವುದೂ ಗೊತ್ತಾಗುವುದಿಲ್ಲ. ಹಾಗಾಗಿ ಎಷ್ಟೇ ಅವಸರ ಇದ್ದರೂ ಆ ಮೊದಲ ದಿನಗಳು ಡಾಕ್ಟರ ಕಣ್ಣಳತೆಯಲ್ಲೇ ಇರಬೇಕು. ಸರಿಯಾಗಿ ಊಟ ಇಲ್ಲದೆ ಬರೀ ಕುಡಿದವರಿಗೆ ಥಯಮಿನ್, ಅಂದರೆ ಬಿ1 ವಿಟಮಿನ್, ಕೊಡುವುದು ತೀರಾ ಮುಖ್ಯ. ಅದು ಕಡಿಮೆಯಾದರೆ ಮೆದುಳಿಗೆ ಹಾನಿಯಾಗಿ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು.

ನಿಜಕ್ಕೂ ಸಂಕಟದ ವಿಷಯ ಅಂದರೆ, ಜನ ಜಾಸ್ತಿ ಬಿಟ್ಟು ಹೋಗುವುದು ಈ ಕಷ್ಟದ ದಿನಗಳು ಮುಗಿದ ಮೇಲೆ. ಮೈ ಹಗುರವಾಗುತ್ತೆ, ಮುಖಕ್ಕೆ ಕಳೆ ಬರುತ್ತೆ, "ನಾನು ಸರಿಯಾದೆ" ಅನಿಸುತ್ತೆ. ಆದರೆ ಅಷ್ಟರಲ್ಲಿ ಆಗಿರುವುದು ದೇಹದ ಶುದ್ಧಿ ಮಾತ್ರ. ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಸಿಟ್ಟು ಬರುವುದು, ಕುಡಿಯಬೇಕು ಅನ್ನುವ ತುಡಿತ, ಇವೆಲ್ಲ ತಿಂಗಳುಗಟ್ಟಲೆ ಇರುತ್ತವೆ. ಮೂರು ತಿಂಗಳಿಗಿಂತ ಕಡಿಮೆ ಚಿಕಿತ್ಸೆಯಿಂದ ಸಿಗುವ ಫಲ ಕಡಿಮೆ ಅಂತ ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುತ್ತಾರೆ. ದಿನಗೂಲಿ ಮಾಡುವವರನ್ನು ಮೂರು ತಿಂಗಳು ಒಳಗೆ ಇಟ್ಟುಕೊಳ್ಳಲು ಆಗುತ್ತಾ? ಆಗಲ್ಲ. ಅದಕ್ಕೇ ಒಳಗಿನ ದಿನಗಳನ್ನು ಚಿಕ್ಕದು ಮಾಡಿ, ಹೊರಗಿನಿಂದ ಬಂದು ಹೋಗುವ ದಿನಗಳನ್ನು ಉದ್ದ ಮಾಡಿದೆವು. ಸಮಾಲೋಚನೆಯ ಸಮಯವನ್ನು ಸಂಜೆಗೆ ತಂದೆವು. ಹನ್ನೊಂದು ಗಂಟೆಗೆ ಬನ್ನಿ ಅಂದರೆ ಒಂದು ದಿನದ ಕೂಲಿ ಕಳೆದುಕೊಂಡು ಬನ್ನಿ ಅಂದ ಹಾಗೇ ಅಲ್ವಾ? ಕೂಲಿ ಬಟವಾಡೆ ಆಗುವ ದಿನ ಸಂಜೆ ಕಡ್ಡಾಯವಾಗಿ ಬರಲು ಹೇಳುತ್ತೇವೆ. ಕೈಯಲ್ಲಿ ದುಡ್ಡು, ಜೊತೆಯಲ್ಲಿ ಹಳೇ ಗೆಳೆಯರು, ಮನೆಗೆ ಹೋಗುವ ದಾರಿಯಲ್ಲೇ ಹೆಂಡದಂಗಡಿ. ವಾರದಲ್ಲಿ ಅದಕ್ಕಿಂತ ಕಷ್ಟದ ಗಂಟೆ ಇನ್ನೊಂದಿಲ್ಲ. ಬಸ್ ಚಾರ್ಜ್ ನಾವೇ ಕೊಡುತ್ತೇವೆ. ಇದಕ್ಕೆ ಆಕ್ಷೇಪ ಎತ್ತಿದವರಿದ್ದಾರೆ, ದುಡ್ಡು ಕೊಟ್ಟರೆ ಕುಡಿಯುತ್ತಾರೆ ಅಂತ. ಬಂದ ಮೇಲೆ ಕೈಗೆ ಕೊಡುವ ಚಾರ್ಜು ಅದು, ಅದನ್ನು ನಿಲ್ಲಿಸುವ ಮಾತು ಬಂದಾಗಲೆಲ್ಲ ನಾನು ಜಗಳ ಆಡಿದ್ದೇನೆ.

ಮಾತ್ರೆಗಳ ವಿಷಯ. ತುಡಿತ ಕಡಿಮೆ ಮಾಡಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಡೈಸಲ್ಫಿರಾಮ್ ಬೇರೆ ಥರ, ಅದರ ಮೇಲೆ ಕುಡಿದರೆ ಮೈ ಕೆಂಪಾಗಿ, ವಾಂತಿಯಾಗಿ, ಎದೆ ಬಡಿತ ಏರುತ್ತೆ. ಗಂಡನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಹಾಕಿಕೊಡಲಾ ಅಂತ ಕೇಳುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ಅವರ ನೋವು ನನಗೆ ಅರ್ಥವಾಗುತ್ತೆ. ಆದರೂ ಬೇಡವೇ ಬೇಡ, ಅದರಿಂದ ಪ್ರಾಣವೇ ಹೋಗಬಹುದು. ಗಂಡನೇ ಒಪ್ಪಿ, ಹೆಂಡತಿಯ ಎದುರಿಗೇ ನುಂಗಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತೆ.

ಹೆರಾಯಿನ್ ಥರದ ನಶೆಯಿಂದ ಬಂದವರ ವಿಷಯದಲ್ಲಿ ಅರ್ಧಕ್ಕೆ ಬಿಡುವುದು ಇನ್ನೂ ಭಯಂಕರ. ಕೆಲವು ದಿನ ನಿಲ್ಲಿಸಿದರೂ ಸಾಕು, ದೇಹದ ತಾಳಿಕೆ ಇಳಿದಿರುತ್ತೆ. ಮೊದಲು ತೆಗೆದುಕೊಳ್ಳುತ್ತಿದ್ದ ಅಷ್ಟೇ ಪ್ರಮಾಣ ಈಗ ಉಸಿರು ನಿಲ್ಲಿಸಬಹುದು. ಇದನ್ನು ನಾವು ಹೊರಟು ನಿಂತವರಿಗೂ ಹೇಳುತ್ತೇವೆ, ಮನೆಯವರಿಗೂ ಹೇಳುತ್ತೇವೆ. ಇವರಿಗೆ ಹೆರಾಯಿನ್ ಬದಲು ಡಾಕ್ಟರು ಕೊಡುವ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಔಷಧವನ್ನು ದೀರ್ಘಕಾಲ ಕೊಡುವುದು ಒಂದು ನಶೆ ಬಿಡಿಸಿ ಇನ್ನೊಂದು ಹಿಡಿಸಿದ ಹಾಗೆ ಅಂತ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಈ ಔಷಧದ ಮೇಲಿರುವವರು ಸಾಯುವ ಸಾಧ್ಯತೆ ತುಂಬಾ ಕಡಿಮೆ, ಕೆಲಸಕ್ಕೂ ಹೋಗುತ್ತಾರೆ. ಇದನ್ನು ಮೊದಲೇ ಕೂರಿಸಿ ಹೇಳದಿದ್ದರೆ ಮನೆಯವರೇ ಮಾತ್ರೆ ನಿಲ್ಲಿಸಿಬಿಡುತ್ತಾರೆ.

ಚಿಕಿತ್ಸೆ ಪಡೆದವರಲ್ಲಿ ಶೇಕಡಾ 40ರಿಂದ 60 ಮಂದಿ ಮತ್ತೆ ಒಮ್ಮೆಯಾದರೂ ಜಾರುತ್ತಾರೆ. ಬಿಪಿ, ಅಸ್ತಮಾ ಇರುವವರೂ ಮಾತ್ರೆ ಬಿಟ್ಟು ಮತ್ತೆ ಹುಷಾರು ತಪ್ಪುವುದು ಹೆಚ್ಚುಕಡಿಮೆ ಇಷ್ಟೇ. ಅವರನ್ನು ಯಾರೂ ಬೈಯುವುದಿಲ್ಲ. ನಮ್ಮಲ್ಲಿ ಬರುವುದು ನಿಲ್ಲಿಸಿದವರಿಗೆ ಮೂರು ದಿನದೊಳಗೆ ಫೋನ್ ಹೋಗಬೇಕು ಅಂತ ನಿಯಮ ಮಾಡಿಕೊಂಡಿದ್ದೇವೆ. ಫೋನ್ ಇಲ್ಲದಿದ್ದರೆ, ಮೊದಲೇ ಒಪ್ಪಿಗೆ ಕೊಟ್ಟವರ ಮನೆಗೆ ನಮ್ಮಲ್ಲೇ ಗುಣವಾದ ಒಬ್ಬರು ಹೋಗಿ ಬರುತ್ತಾರೆ, ಅವರ ಮಾತಿಗೆ ಇರುವ ತೂಕ ನನ್ನ ಮಾತಿಗಿಲ್ಲ. "ಯಾಕೆ ಬರಲಿಲ್ಲ" ಅಂತ ಕೇಳುವುದಿಲ್ಲ. "ಈ ವಾರ ಯಾವ ಸಂಜೆ ಬಿಡುವಾಗುತ್ತೆ" ಅಂತ ಕೇಳುತ್ತೇವೆ. ಕುಡಿದೇ ಬಂದರೂ ವಾಪಸ್ ಕಳಿಸುವುದಿಲ್ಲ, ಕೂರಿಸಿ ನೀರು ಕೊಟ್ಟು, ಎಷ್ಟು ದಿನದಿಂದ ಕುಡಿಯುತ್ತಿದ್ದಾರೆ ಅಂತ ಕೇಳಿ ಡಾಕ್ಟರಿಗೆ ತೋರಿಸುತ್ತೇವೆ. ಹೊಸ ಅರ್ಜಿ ತುಂಬಿಸುವುದಿಲ್ಲ. ಹಳೇ ಫೈಲನ್ನೇ ತೆಗೆದು, ನಿಲ್ಲಿಸಿದ ಪುಟದಿಂದ ಮುಂದಕ್ಕೆ ಬರೆಯುತ್ತೇವೆ.